ಪುಸ್ತಕದಾಗ ‘ಬಂದನು’, ಮನ್ಯಾಗ ‘ಬಂದಾನ’

ಫ್ರೆಂಚ್ ಕಲಿಯಲು ಹೊರಟವರಿಗೆ ಮೊದಲ ವರ್ಷ ಯಾರೂ ಹೇಳದ ಸಂಗತಿಯೊಂದಿದೆ. ಆ ಭಾಷೆಯಲ್ಲಿ ಯಾರೂ ಮಾತಾಡದ ಒಂದು ಭೂತಕಾಲ ಇದೆ. ಕ್ಲಾಸಿನ ಮೇಡಂ ‘ಅದು ಈಗ ಬೇಡ, ಮುಂದೆ ನೋಡೋಣ’ ಅಂತಾರೆ. ಎ1 ಮುಗಿಯುತ್ತದೆ, ಎ2 ಮುಗಿಯುತ್ತದೆ, ಬಿ1 ಪರೀಕ್ಷೆಯೂ ಪಾಸಾಗುತ್ತದೆ. ಪ್ಯಾರಿಸ್ಸಿನ ಕ್ಲೈಂಟ್ ಜೊತೆ ಕಾಲ್‌ನಲ್ಲಿ ‘ನಿನ್ನೆನೇ ಕೆಲಸ ಮುಗಿಸಿದೆ’ ಅಂತ ಧೈರ್ಯವಾಗಿ ಹೇಳ್ತೀರಿ. ಆಮೇಲೊಂದು ದಿನ ಹುರುಪಿನಿಂದ ಮಕ್ಕಳ ಕತೆ ಪುಸ್ತಕ ಬಿಚ್ಚುತ್ತೀರಿ. ಎರಡನೇ ಪುಟದಲ್ಲೇ ಗೊತ್ತಿದ್ದ ಕ್ರಿಯಾಪದಗಳೆಲ್ಲ ಗುರುತು ಸಿಗದ ಹಾಗೆ ವೇಷ ಹಾಕ್ಕೊಂಡು ಕೂತಿರುತ್ತವೆ.

ಈ ವೇಷದ ಹೆಸರು ‘ಪಾಸೆ ಸ್ಯಾಂಪ್ಲ್’, ಅಂದರೆ ಸಾದಾ ಭೂತಕಾಲ. ಹೆಸರಿಗಷ್ಟೇ ಸಾದಾ. ಮಾತಿನಲ್ಲಿ ಬಳಸುವ ಇನ್ನೊಂದು ಭೂತಕಾಲದ ಹೆಸರು ‘ಪಾಸೆ ಕಾಂಪೊಜೆ’, ಅಂದರೆ ಕೂಡಿಸಿದ್ದು. ‘ಇರು’ ಅಥವಾ ‘ಹೊಂದಿರು’ ಎಂಬ ಸಹಾಯಕ ಕ್ರಿಯಾಪದವನ್ನು ಮುಂದಿಟ್ಟು, ಅದರ ಹಿಂದೆ ಮುಖ್ಯ ಕ್ರಿಯಾಪದ ಇಡೋದು. ‘ಇಲ್ ಎ ವನ್ಯು’ ಅಂದರೆ ‘ಅವನು ಬಂದ’. ಅಕ್ಷರಶಃ ನೋಡಿದರೆ ‘ಅವನು ಬಂದವನಾಗಿ ಇದ್ದಾನೆ’. ಇದನ್ನೇ ಪುಸ್ತಕ ಹೇಳೋದು ‘ಇಲ್ ವ್ಯಾಂ’ ಅಂತ. ಎರಡೇ ತುಂಡು, ಮುಗೀತು.

ಹುಬ್ಬಳ್ಳಿಯ ಆಫೀಸಿಗೆ ಚಿಗರಿ ಬಸ್ಸಿನಲ್ಲಿ ಹೋಗುವಾಗ ನಾನು ಇದನ್ನ ಬಾಯಿಪಾಠ ಮಾಡುತ್ತಿದ್ದೆ. ‘ಮಾತಾಡು’ ಅನ್ನೋ ಸರಳ ಕ್ರಿಯಾಪದ ಮೊದಲು: ಪಾರ್ಲೇ, ಪಾರ್ಲಾ, ಪಾರ್ಲಾ, ಪಾರ್ಲಾಮ್, ಪಾರ್ಲಾತ್, ಪಾರ್ಲೇರ್. ನಾನು, ನೀನು, ಅವನು, ನಾವು, ನೀವು, ಅವರು. ಇದು ಪರವಾಗಿಲ್ಲ, ಮಗ್ಗಿ ಇದ್ದ ಹಾಗೆ. ‘ಇರು’ ಬಂದಾಗ ಫ್ಯು, ಫ್ಯು, ಫ್ಯು, ಫ್ಯೂಮ್, ಫ್ಯೂತ್, ಫ್ಯೂರ್. ಊದುಕೊಳವಿಯಿಂದ ಒಲಿ ಊದಿದ ಹಾಗೆ. ‘ಬರು’ ಇನ್ನೂ ಚಂದ: ವ್ಯಾಂ, ವ್ಯಾಂ, ವ್ಯಾಂ, ವ್ಯಾಂಮ್, ವ್ಯಾಂತ್, ವ್ಯಾಂರ್. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಫೋನಿನೊಳಗೆ ಕೂಸು ಅಳ್ತದೇನು ಅಂತ ಇಣುಕಿ ನೋಡಿದರು.

ರೂಪ ಬದಲಾಯಿಸುವ ಈ ಕ್ರಿಯಾಪದಗಳನ್ನ ಬೈಯುವ ಮುಂಚೆ ನಮ್ಮವನ್ನೂ ಒಮ್ಮೆ ನೋಡಬೇಕು. ಬೀಳು, ಬಿದ್ದ. ಏಳು, ಎದ್ದ. ಕೀಳು, ಕಿತ್ತ. ಹೊರು, ಹೊತ್ತ. ಸಾಯು, ಸತ್ತ. ಹೊರಗಿನವರು ಕನ್ನಡ ಕಲಿಯುವಾಗ ಇವನ್ನೆಲ್ಲ ಹೇಗೆ ನೆನಪಿಟ್ಟುಕೊಳ್ಳುತ್ತಾರೋ ದೇವರೇ ಬಲ್ಲ. ಫ್ರೆಂಚಿನಲ್ಲಿ ಒಂದು ಹೆಚ್ಚಿನ ಮೋಜಿದೆ. ‘ಇಲ್ ವಿ’ ಅಂದರೆ ‘ಅವನು ಬದುಕಿದ್ದಾನೆ’ ಅಂತಲೂ ಆಗುತ್ತದೆ, ಪುಸ್ತಕದ ಭೂತಕಾಲದಲ್ಲಿ ‘ಅವನು ನೋಡಿದನು’ ಅಂತಲೂ ಆಗುತ್ತದೆ. ಕಾಗುಣಿತವೂ ಒಂದೇ. ಯಾವುದು ಅಂತ ಹಿಂದುಮುಂದಿನ ಸಾಲು ಓದಿಯೇ ತಿಳ್ಕೋಬೇಕು.

ಕಾದಂಬರಿ, ಚರಿತ್ರೆ, ಜೀವನ ಚರಿತ್ರೆ, ಅಜ್ಜಿ ಕತೆ, ಇವು ಈ ಕಾಲದ ಮನೆಗಳು. ಅಲ್ಲಿ ರಾಜ ಹುಟ್ಟಿದನು, ಯುದ್ಧ ಮಾಡಿದನು, ಸತ್ತನು. ಆಫೀಸಿನಲ್ಲಿ ಯಾರಾದರೂ ‘ನಾನು ನಿಮ್ಮ ಇಮೇಲ್ ಓದಿದೆನು’ ಅಂತ ಈ ಕಾಲದಲ್ಲಿ ಹೇಳಿದರೆ ಫ್ರೆಂಚರು ನಗುತ್ತಾರೆ. ನಮ್ಮಲ್ಲಿ ಕಂಪನಿ ನಾಟಕದ ರಾಜ ಕಿರೀಟ ಇಟ್ಕೊಂಡು ಕ್ಯಾಂಟೀನಿಗೆ ಬಂದು ‘ಎಲೈ ಮಾಣಿಯೇ, ನಾನು ಚಹವನ್ನು ಕುಡಿದೆನು’ ಅಂದ ಹಾಗೆ.

ಮೊದಲು ಹೀಗಿರಲಿಲ್ಲ. ಹಿಂದೆ ಎರಡೂ ಭೂತಕಾಲಗಳು ಮಾತಿನಲ್ಲೇ ಇದ್ದವು, ಕೆಲಸ ಹಂಚಿಕೊಂಡಿದ್ದವು. ಆ ಹಂಚಿಕೆಗೆ ವ್ಯಾಕರಣಕಾರರು ಕೊಟ್ಟ ನಿಯಮ ನನಗೆ ಬಹಳ ಸೇರಿತು. 1660ರಲ್ಲಿ ಬಂದ ಪೋರ್-ರೊಯಾಲ್ ವ್ಯಾಕರಣದಲ್ಲಿ ಅದು ಇದೆ. ಇವತ್ತು ಆದದ್ದನ್ನು ಕೂಡಿಸಿದ ಕಾಲದಲ್ಲಿ ಹೇಳಬೇಕು. ನಿನ್ನೆ ಅಥವಾ ಅದಕ್ಕೂ ಹಿಂದೆ ಆದದ್ದನ್ನು ಸಾದಾ ಕಾಲದಲ್ಲಿ ಹೇಳಬೇಕು. ಅಂದರೆ ನಡುವೆ ಒಂದು ರಾತ್ರಿ ದಾಟಿರಬೇಕು. ಬೆಳಗಿನ ತಿಂಡಿ ಒಂದು ಕಾಲ, ನಿನ್ನೆ ರಾತ್ರಿಯ ಊಟ ಇನ್ನೊಂದು ಕಾಲ. ಆಡುಮಾತು ಇಂಥ ಕಟ್ಟಳೆಯನ್ನು ಎಷ್ಟು ದಿನ ಪಾಲಿಸೀತು? ಕೂಡಿಸಿದ ಕಾಲ ನಿಧಾನಕ್ಕೆ ನಿನ್ನೆಯನ್ನೂ ನುಂಗಿತು, ಮೊನ್ನೆಯನ್ನೂ ನುಂಗಿತು. ಸಾದಾ ಕಾಲ ಕಾಗದಕ್ಕೆ ಸರಿದು ಅಲ್ಲೇ ಉಳಿಯಿತು.

ಕಾಗದಕ್ಕೆ ಸರಿದ ಮೇಲೆ ಅದಕ್ಕೊಂದು ಹೊಸ ಗುಣ ಬಂತು. ಎಮಿಲ್ ಬೆನ್‌ವೆನಿಸ್ತ್ ಎಂಬ ಭಾಷಾವಿಜ್ಞಾನಿ 1959ರ ಒಂದು ಲೇಖನದಲ್ಲಿ ಈ ಗುಣವನ್ನು ಬಿಡಿಸಿ ತೋರಿಸಿದ್ದಾನೆ. ಎರಡೂ ಕಾಲಗಳಲ್ಲಿ ಘಟನೆ ಮುಗಿದುಹೋಗಿದೆ, ವ್ಯತ್ಯಾಸ ಅಲ್ಲಿಲ್ಲ. ಒಂದರಲ್ಲಿ ಹೇಳುವವ ನಿಮ್ಮ ಎದುರಿಗೆ ನಿಂತಿದ್ದಾನೆ, ಇನ್ನೊಂದರಲ್ಲಿ ಹೇಳುವವನೇ ಇಲ್ಲ. ಘಟನೆಗಳು ತಾವೇ ಸಾಲಾಗಿ ನಡೆದು ಹೋಗುತ್ತವೆ. ಇದು ಗೊತ್ತಾದ ಮೇಲೆ ಆಲ್ಬೆರ್ ಕಮೂ ಬರೆದ ‘ಲೆತ್ರಾಂಜೆ’ ಕಾದಂಬರಿ ಯಾಕೆ 1942ರಲ್ಲಿ ಓದುಗರಿಗೆ ಅಷ್ಟು ವಿಚಿತ್ರವಾಗಿ ಕೇಳಿಸಿತು ಅಂತಲೂ ತಿಳಿಯುತ್ತದೆ. ಕಾದಂಬರಿ ಅಂದಮೇಲೆ ಸಾದಾ ಕಾಲ ಇರಬೇಕು ಅಂತ ಇದ್ದ ರೂಢಿ ಬಿಟ್ಟು, ಅದನ್ನು ಬಹುಪಾಲು ಮಾತಿನ ಭೂತಕಾಲದಲ್ಲಿ ಬರೆದಿದ್ದಾನೆ. ಆ ಕತೆ ಶುರುವಾಗುವುದು ತಾಯಿಯ ಸಾವಿನ ಸುದ್ದಿಯಿಂದ. ಮಗ ಅದನ್ನು ‘ಸತ್ತಳು’ ಅಂತ ಕತೆಯ ಹಾಗೆ ಹೇಳುವುದಿಲ್ಲ, ನಮ್ಮ ಪಕ್ಕದಲ್ಲಿ ಕೂತು ಹೇಳಿದ ಹಾಗೆ ಹೇಳುತ್ತಾನೆ.

ಇಷ್ಟು ಓದಿದ ಮೇಲೆ ನನಗೆ ಅನ್ನಿಸಿದ್ದು, ಮಾಳಮಡ್ಡಿಯ ನಮ್ಮ ಮನೆಯಲ್ಲಿ ಈ ಲೆಕ್ಕವನ್ನ ಚಹಾದ ಕಪ್ಪಿನಲ್ಲೇ ಮಾಡ್ತಾರಲ್ಲ ಅಂತ.

ಅವ್ವ ಅಡಿಗಿ ಮನಿಯಿಂದ ಕೇಳ್ತಾಳೆ: ‘ಯಾರ ಬಂದಾರ?’ ಅಂದರೆ ಬಂದವರು ಇನ್ನೂ ಪಡಸಾಲೆಯಲ್ಲಿ ಕೂತಿದ್ದಾರೆ, ಎಷ್ಟು ಕಪ್ಪು ಇಡಬೇಕು ಹೇಳು. ‘ಯಾರ ಬಂದಿದ್ರು?’ ಅಂತ ಕೇಳಿದರೆ ಬಂದವರು ಹೋಗಿಯೂ ಆಯಿತು, ಚಹಾ ಬೇಡ, ಸುದ್ದಿ ಮಾತ್ರ ಬೇಕು. ‘ಯಾರ ಬಂದ್ರು?’ ಅಂದರೆ ಈಗ ತಾನೇ ಗೇಟಿನ ಸಪ್ಪಳಾತು, ಹೋಗಿ ನೋಡು. ಮೂರೂ ಭೂತಕಾಲವೇ. ಯಾವ ವ್ಯಾಕರಣ ಪುಸ್ತಕ ಓದದಿದ್ದರೂ ಅವ್ವನಿಗೆ ಒಂದು ಸಲವೂ ಕಪ್ಪಿನ ಲೆಕ್ಕ ತಪ್ಪೋದಿಲ್ಲ.

‘ಬಂದಾನ’ ಅನ್ನೋದು ಫ್ರೆಂಚಿನ ‘ಇಲ್ ಎ ವನ್ಯು’ ಮೊದಲು ಮಾಡುತ್ತಿದ್ದ ಕೆಲಸವನ್ನೇ ಇವತ್ತಿಗೂ ಮಾಡುತ್ತಿದೆ. ಬಂದು, ಇದ್ದಾನೆ. ಪುಸ್ತಕದ ಕನ್ನಡದಲ್ಲಿ ಬರೆಯುವುದಾದರೆ ‘ಬಂದಿದ್ದಾನೆ’. ಫ್ರೆಂಚಿನ ಆ ಮಾತಿಗೆ ಈಗ ಎರಡೂ ಕೆಲಸ ಬಿದ್ದಿವೆ. ‘ಬಂದ’ವನಿಗೂ ಅದೇ, ‘ಬಂದಾನ’ ಅನ್ನುವವನಿಗೂ ಅದೇ. ಕಪ್ಪಿನ ಲೆಕ್ಕ ಬೇಕಾದರೆ ಇನ್ನೊಂದು ವಾಕ್ಯ ಸೇರಿಸಬೇಕು.

ನಮ್ಮ ‘ಬಂದಾನ’ಕ್ಕೆ ಬೆಂಗಳೂರಿನಲ್ಲಿ ಬೇರೆ ಫಜೀತಿ. ಅಲ್ಲಿನ ಕಿವಿಗೆ ಅದು ‘ಬಂದಾನು’ ಅಂತ ಕೇಳಿಸುತ್ತದೆ. ‘ಬಂದಾನು’ ಅಂದರೆ ‘ಬಂದರೂ ಬರಬಹುದು’. ಕ್ಯಾಬಿನ್ನಿನಲ್ಲಿ ಮ್ಯಾನೇಜರ್ ಕೂತಿದ್ದನ್ನು ನೋಡಿ ನಮ್ಮ ಹುಡುಗನೊಬ್ಬ ‘ಸಾಹೇಬ್ರು ಬಂದಾರ’ ಅಂತ ಎಚ್ಚರಿಸಿದ. ಮೈಸೂರು ಕಡೆಯ ಗೆಳೆಯ ‘ಬಂದರೆ ಬರಲಿ ಬಿಡು, ನೋಡೋಣ’ ಅಂತ ಹೆಡ್‌ಫೋನ್ ಹಾಕ್ಕೊಂಡು ಹಾಡು ಕೇಳುತ್ತಾ ಕೂತ. ಮುಂದೆ ಆದದ್ದನ್ನು ನೀವೇ ಊಹಿಸ್ಕೊಳ್ರಿ.

ಫ್ರೆಂಚಿನ ‘ಇಲ್ ವ್ಯಾಂ’ಗೆ ನಮ್ಮಲ್ಲಿ ಜೋಡಿ ಯಾವುದು? ‘ಬಂದನು’. ಕೊನೆಯ ಆ ‘ನು’ ಧಾರವಾಡದಲ್ಲೂ ಯಾರ ಬಾಯಲ್ಲೂ ಬರುವುದಿಲ್ಲ, ಮೈಸೂರಿನಲ್ಲೂ ಬರುವುದಿಲ್ಲ. ಆದರೆ ಕತೆ ಓದುವಾಗ ಯಾರಿಗೂ ಅದು ಅಡ್ಡ ಬರುವುದಿಲ್ಲ. ಫ್ರೆಂಚಿನ ಹಾಗೆ ನಮ್ಮದು ಬೇರೆ ಕಾಲವಲ್ಲ, ಅದೇ ಕಾಲದ ಇಸ್ತ್ರಿ ಮಾಡಿದ ರೂಪ. ಹಳಗನ್ನಡದಲ್ಲಿ ‘ನಾನು ಬಂದೆ’ ಅನ್ನೋದಕ್ಕೆ ‘ಬಂದೆಂ’, ಆಮೇಲೆ ‘ಬಂದೆನು’, ಈಗ ‘ಬಂದೆ’. ಧಾರವಾಡ, ಮಂಗಳೂರು, ಮಡಿಕೇರಿ ಅಂತ ಓಡಾಡಿಕೊಂಡಿದ್ದ ಫರ್ಡಿನಾಂಡ್ ಕಿಟೆಲ್ ಸಾಹೇಬರು ಹದಿಮೂರನೇ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಸಂಪಾದಿಸಿದರು, 1894ರಲ್ಲಿ ಆ ದೊಡ್ಡ ನಿಘಂಟು ತಂದರು. 1903ರಲ್ಲಿ ಬಂದ ಅವರ ವ್ಯಾಕರಣ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರಕ್ಕೂ ಸೇರಿದ್ದು. ಅದೇ ವರ್ಷ ಅವರು ತೀರಿಕೊಂಡರು. ಒಂದೇ ಕ್ರಿಯಾಪದದ ವಯಸ್ಸನ್ನು ಹೀಗೆ ಮೂರು ಕಾಲಘಟ್ಟಗಳಲ್ಲಿ ನೋಡುವ ಅವಕಾಶ ನಮಗಿದೆ. ಫ್ರೆಂಚ್ ಮಗ್ಗಿಗೆ ಹೆದರಿದವರು ಒಮ್ಮೆ ಇದನ್ನೂ ನೋಡಬೇಕು, ಹೆದರಿಕೆ ಕಡಿಮೆಯಾಗುತ್ತದೆ ಅಂತ ಹೇಳಲಾರೆ, ಸಮಾಧಾನ ಮಾತ್ರ ಆಗುತ್ತದೆ.

ಇಲ್ಲಿ ನಂದೊಂದು ಜಗಳ ಇದೆ. ನನ್ನ ಅಕ್ಕನ ಮಗಳು ಐದನೇ ಇಯತ್ತೆ. ಜಾತ್ರೆಯ ಬಗ್ಗೆ ಹತ್ತು ಸಾಲು ಬರೆದುಕೊಂಡು ಬಾ ಅಂದಿದ್ದರಂತೆ. ಪುಟ್ಟಿ ಬರೆದಿತ್ತು: ‘ನಾ ಅಪ್ಪನ ಜೊತಿ ಜಾತ್ರಿಗೆ ಹೋದ್ನಿ. ನಾವು ಗಿರಮಿಟ್ ತಿಂದ್ವಿ.’ ಹೋದ್ನಿ, ತಿಂದ್ವಿ ಎರಡಕ್ಕೂ ಕೆಂಪು ಗೆರೆ. ಪಕ್ಕದಲ್ಲಿ ‘ಅಶುದ್ಧ’ ಅಂತ. ಗಿರಮಿಟ್ ಬದುಕಿಕೊಂಡಿತ್ತು, ಪುಣ್ಯ.

ಪುಸ್ತಕದ ಕನ್ನಡ ಕಲಿಸಬೇಡಿ ಅಂತ ನಾನು ಹೇಳೋದಿಲ್ಲ. ಕಲಿಸಲೇಬೇಕು. ಆದರೆ ಆ ‘ಅಶುದ್ಧ’ ರೂಪವನ್ನ ಸ್ವಲ್ಪ ಹತ್ತಿರದಿಂದ ನೋಡ್ರಿ. ಈಗಿನ ಪುಸ್ತಕದ ಕನ್ನಡದಲ್ಲಿ ‘ನಾನು ಬಂದೆ’, ‘ನೀನು ಬಂದೆ’. ಎರಡೂ ಒಂದೇ. ನಾನು, ನೀನು ತೆಗೆದುಬಿಟ್ಟರೆ ಬಂದವರು ಯಾರು ಅಂತ ಗೊತ್ತಾಗೋದಿಲ್ಲ. ನಮ್ಮ ಕಡೆ ‘ನಾ ಬಂದ್ನಿ’, ‘ನೀ ಬಂದಿ’. ಬೇರೆ ಬೇರೆ. ‘ಬಂದೆನು’ ಒಳಗಿದ್ದ ‘ನ’ಕಾರವನ್ನ ಶುದ್ಧ ಭಾಷೆ ಯಾವಾಗಲೋ ಕಳಕೊಂಡಿತು, ಪುಟ್ಟಿಯ ‘ಬಂದ್ನಿ’ಯಲ್ಲಿ ಅದು ಇನ್ನೂ ಕೂತಿದೆ. ಕೆಂಪು ಗೆರೆ ಬಿದ್ದದ್ದು ನೇರ ಅದರ ಮೇಲೆ. ಫ್ರಾನ್ಸಿನ ಮಕ್ಕಳಿಗೆ ಮಾತಿನ ಭೂತಕಾಲ ತಪ್ಪು ಅಂತ ಯಾರೂ ಹೇಳುವುದಿಲ್ಲ, ಇನ್ನೊಂದು ಪುಸ್ತಕದ್ದು ಅಂತ ಹೇಳಿ ಕಲಿಸುತ್ತಾರೆ. ನಾನು ಪುಟ್ಟಿಗೆ ಅಷ್ಟೇ ಹೇಳಿದೆ. ಅದು ಕೇಳಿದ್ದು: ‘ಮೌಶಿ, ಹಂಗಾರ ಕತ್ಯಾಗ ರಾಜಾ ಬಂದನು, ನಮ್ಮ ಅಪ್ಪಾ ಮಾತ್ರ ಬಂದಾ. ಯಾಕ?’ ‘ರಾಜಾ ನಿನ್ನ ಮುಂದ ಬಂದಿಲ್ಲಲ್ಲ, ಅದಕ್ಕ’ ಅಂದೆ. ಅದಕ್ಕೆ ಒಪ್ಪಿಗೆಯಾಯಿತು. ಬೆನ್‌ವೆನಿಸ್ತ್‌ನಿಗೆ ಎಷ್ಟು ಪುಟ ಬೇಕಾಯಿತೋ.

ಜಗಳ ಪುಟ್ಟಿಯ ನೋಟುಬುಕ್ಕಿಗೆ ನಿಲ್ಲಲಿಲ್ಲ. ನಮ್ಮ ಅಜ್ಜ ಅಂಚೆ ಕಚೇರಿಯಲ್ಲಿ ಕಾರಕೂನರಾಗಿದ್ದರು. 1968ರಿಂದ ತಪ್ಪದೆ ಡೈರಿ ಬರೆಯುತ್ತಿದ್ದರು. ಈ ವರ್ಷ ಅವರು ಹುಟ್ಟಿ ನೂರು ವರ್ಷ. ಆಯ್ದ ಪುಟಗಳನ್ನು ಸೇರಿಸಿ ಮನೆಮಂದಿಗೆ ಹಂಚಲು ಒಂದು ಸಣ್ಣ ಪುಸ್ತಕ ಮಾಡೋಣ ಅಂತ ಪುಣೆಯ ಕಾಕಾ ಹೊರಟರು. ಟೈಪ್ ಮಾಡೋ ಕೆಲಸ ನನಗೆ ಬಂತು.

ಅಜ್ಜ ಮಾತಾಡುತ್ತಿದ್ದದ್ದು ಪಕ್ಕಾ ಧಾರವಾಡದ ಮಾತು. ಡೈರಿಯಲ್ಲಿ ಮಾತ್ರ ಅವರು ಬೇರೆ ಮನುಷ್ಯ. ‘ಬೆಳಿಗ್ಗೆ 5ಕ್ಕೆ ಎದ್ದೆನು. ಸಂಧ್ಯಾವಂದನೆ ಮುಗಿಸಿದೆನು. ಮಳೆಯು ಬಂದಿತು. ಛತ್ರಿಯನ್ನು ಮರೆತು ಹೋದೆನು.’ ಹಾಲಿನವನು ಬಂದನು, ಮಗನಿಗೆ ಜ್ವರವು ಇಳಿಯಿತು, ಎಮ್ಮೆಯು ಹಿತ್ತಲಿನಲ್ಲಿ ನುಗ್ಗಿತು. ಎಲ್ಲದಕ್ಕೂ ಇಸ್ತ್ರಿ. ಮೊದಮೊದಲು ನಗು ಬರುತ್ತಿತ್ತು. ಐವತ್ತು ಪುಟ ಆದ ಮೇಲೆ ಇದರ ಹದ ತಿಳಿಯಿತು. ಅಂದಂದಿನ ಪುಟವನ್ನು ರಾತ್ರಿ ಮಲಗುವ ಮುಂಚೆ ಬರೆಯುತ್ತಿದ್ದರು. ಹಗಲೆಲ್ಲ ಗದ್ದಲದಲ್ಲಿ ಕಳೆದ ಮನುಷ್ಯ ರಾತ್ರಿ ಅಷ್ಟು ಹೊತ್ತು ದಿನವನ್ನು ದೂರ ಇಟ್ಟು ನೋಡುತ್ತಿದ್ದರು. ಆ ‘ನು’ ಅವರಿಗೆ ಕನ್ನಡಕದ ಹಾಗೆ.

1987ರ ಆಷಾಢದಲ್ಲಿ ಅಜ್ಜಿ ತೀರಿಕೊಂಡಳು. ನಾನು ಹುಟ್ಟಿರಲಿಲ್ಲ. ಮುಂಜಾನೆ ಒಲೆಯ ಮುಂದೆ ಕೂತವಳು ಹಾಗೇ ಒರಗಿದಳು ಅಂತ ಅವ್ವ ಹೇಳಿದ್ದು ಗೊತ್ತು. ಆ ದಿನದ ಪುಟದಲ್ಲಿ ಎರಡೇ ಸಾಲು. ‘ಆಕಿ ಹೋದ್ಲು. ಚಾಕ್ಕ ಇಟ್ಟಿದ್ಲು.’

ಅಷ್ಟೇ. ಮರುದಿನದಿಂದ ಮತ್ತೆ ‘ಬಂಧುಗಳು ಬಂದರು, ಕಟ್ಟಿಗೆಯ ಹಣವನ್ನು ಕೊಟ್ಟೆನು.’ ಮೂವತ್ತು ವರ್ಷಗಳಿಗೂ ಮೇಲೆ ಬರೆದ ಡೈರಿಯಲ್ಲಿ ಅವರು ತಮ್ಮ ಬಾಯಿಮಾತಿನಲ್ಲೇ ಬರೆದದ್ದು ಅವೆರಡೇ ಸಾಲು.

ಟೈಪ್ ಮಾಡಿದ ಪುಟಗಳನ್ನು ನೋಡಿ ಕಾಕಾ ಫೋನ್ ಮಾಡಿದರು. ‘ಆ ಒಂದು ಕಡೆ ಸರಿ ಮಾಡವಾ. ಅಪ್ಪಾ ಎಷ್ಟು ಶುದ್ಧ ಬರೀತಿದ್ರು. ಅವಸರದಾಗ ಏನೋ ಗೀಚ್ಯಾರ. ಅವಳು ತೀರಿಕೊಂಡಳು, ಚಹಕ್ಕೆ ಇಟ್ಟಿದ್ದಳು ಅಂತ ಹಾಕು. ಓದೋ ಮಂದಿ ಏನಂತಾರ?’

‘ಓದೋ ಮಂದಿ ನಾವ ಅಲ್ಲೇನ್ರಿ ಕಾಕಾ’ ಅಂದೆ.

‘ಆದ್ರೂ ಪುಸ್ತಕ ಅಂದ್ರ ಪುಸ್ತಕ.’

ಕಾಕಾನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವರಿಗೆ ಆ ದಿನ ಇಪ್ಪತ್ತೆರಡು ವರ್ಷ. ತಾಯಿ ಹೋದದ್ದನ್ನು ನಲವತ್ತು ವರ್ಷ ಹತ್ತಿರ ಬಂದಮೇಲಾದರೂ ಒಂದು ಗೌರವದ ವಾಕ್ಯದೊಳಗೆ ಇಡಬೇಕು ಅನ್ನಿಸಿದ್ದರೆ ಅದರಲ್ಲಿ ತಪ್ಪಿಲ್ಲ. ಆದರೆ ‘ಅವಳು ತೀರಿಕೊಂಡಳು’ ಅಂತ ಬರೆಯಲು ಅಜ್ಜನಿಗೆ ಬರುತ್ತಿರಲಿಲ್ಲವೇ? ಪಕ್ಕದ ಮನೆಯ ರಾಯರು ಹೋದಾಗ ಹಾಗೇ ಬರೆದಿದ್ದಾರೆ, ‘ಸ್ವರ್ಗಸ್ಥರಾದರು’ ಅಂತ. ಕನ್ನಡಕ ಅವರ ಹತ್ತಿರ ಇತ್ತು. ಆ ರಾತ್ರಿ ಹಾಕಿಕೊಳ್ಳಲಿಲ್ಲ.

ಫೋನಿನಲ್ಲಿ ಇದನ್ನೆಲ್ಲ ಹೇಳಲು ಆಗಲಿಲ್ಲ. ಹೇಳಿದ್ದು ಫ್ರೆಂಚಿನ ಕತೆ. ಆ ಎರಡು ಸಾಲನ್ನು ನಾನು ಫ್ರೆಂಚಿಗೆ ತಂದು ನೋಡಿದ್ದೆ, ಅಭ್ಯಾಸಕ್ಕೆ ಅಂತ. ‘ಹೋದಳು’ ಅನ್ನೋದಕ್ಕೆ ಪುಸ್ತಕದ ಕಾಲದಲ್ಲಿ ‘ಎಲ್ ಪಾರ್ತಿ’. ಮಾತಿನ ಕಾಲದಲ್ಲಿ ‘ಎಲ್ ಎ ಪಾರ್ತಿ’. ಕಿವಿಗೆ ಕೇಳುವ ವ್ಯತ್ಯಾಸ ನಡುವಿನ ಆ ಒಂದು ‘ಎ’. ಆ ‘ಎ’ಗೆ ಅರ್ಥ ‘ಇದ್ದಾಳೆ’. ಅದನ್ನು ತೆಗೆದರೆ ಅಜ್ಜಿ ಯಾವುದೋ ಕತೆಯ ರಾಣಿಯಾಗುತ್ತಾಳೆ. ಇಟ್ಟರೂ ಪೂರ್ತಿ ಕೂಡುವುದಿಲ್ಲ, ಯಾಕಂದರೆ ಅದು ‘ಹೋಗ್ಯಾಳ’ ಅಂತಲೂ ಆಗುತ್ತದೆ. ನಮ್ಮಲ್ಲಿ ‘ಹೋಗ್ಯಾಳ’ ಅಂದರೆ ಸಂತಿಗೆ ಹೋಗ್ಯಾಳ, ಬರ್ತಾಳ. ಅಜ್ಜ ಹಾಗೆ ಬರೆದಿಲ್ಲ. ‘ಹೋದಳು’ ಅಂತಲೂ ಬರೆದಿಲ್ಲ. ಎರಡರ ನಡುವೆ ‘ಹೋದ್ಲು’ ಅಂತ ಬರೆದಿದ್ದಾರೆ. ಅದಕ್ಕೆ ಫ್ರೆಂಚಿನಲ್ಲಿ ನನಗೆ ಮಾತು ಸಿಗಲಿಲ್ಲ, ಕಡೆಗೆ ‘ಎ’ ಇದ್ದದ್ದನ್ನೇ ಇಟ್ಟೆ.

ಕಾಕಾ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಲೈನ್ ಕಟ್ ಆತೇನೋ ಅಂತ ಫೋನ್ ನೋಡಿದೆ.

‘ಹೋದ್ಲು ಅಂತನ ಇರ್ಲಿ’ ಅಂದರು. ಆಮೇಲೆ, ‘ಚಾಕ್ಕ ಅಂತ ಅದ ಅಲ್ಲಾ, ಅದನ್ನ ಚಹಾಕ್ಕ ಅಂತ ಮಾಡಬ್ಯಾಡ ಮತ್ತ. ಅಪ್ಪಾ ಚಾ ಅಂತಿದ್ರು, ಅವ್ವ ಚಹಾ ಅಂತಿದ್ಲು. ದಿನಾ ಅದರ ಮ್ಯಾಲೆ ಒಂದು ವಾದ ಇರತಿತ್ತು.’